ಒಂದು ಹೆಜ್ಜೆ ತಡ

ರೀಗಾ
9 ಮಾರ್ಚ್ 1974

ಪ್ರೀತಿಯ ಮಾಸ್ತರೆ,

ನಿಮ್ಮ ಲಾಮಾರಾಳ ನಮಸ್ಕಾರಗಳು. ಇವತ್ತು ಬೆಳಿಗ್ಗೆ ಕಳಿಸಿದ ತಂತಿಯಲ್ಲಿ ಬರೀ ಕಾಯಿಗಳ ಸ್ಥಾನ ಇತ್ತು, ಮಾತಿಗೆ ಜಾಗವಿರಲಿಲ್ಲ. ತಂತಿ ಬಡಿಯುವ ಹುಡುಗಿ "ಇದೇನ್ರೀ, ಗೂಢಚಾರರ ಭಾಷೆನಾ?" ಎಂದು ಕೇಳಿದಳು. "ಚದುರಂಗ ಕಣಮ್ಮ, ನಮ್ಮ ಮಾಸ್ತರಿಗೆ" ಎಂದೆ. ಈ ಕಾಗದ ಜುಗ್ದಿದಿ ಮುಟ್ಟುವಷ್ಟರಲ್ಲಿ ಆಟ ಮುಗಿದೇ ಹೋಗಿರುತ್ತದೆ. ಆದರೂ ನಿಮಗೆ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ದಾರೇಜಾನ್ ಜೊತೆಗಿನ ಆಟವನ್ನು ನಿನ್ನೆ ಹೊತ್ತು ಮೀರಿತೆಂದು ನಿಲ್ಲಿಸಿದರು. ಅವಳು ತನ್ನ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ತೀರ್ಪುಗಾರರ ಕೈಗೆ ಕೊಟ್ಟಿದ್ದಾಳೆ, ಅವಳಿಗಿದ್ದದ್ದು ಅದೊಂದೇ ನಡೆ. ಸೋಮವಾರ ಲಕೋಟೆ ಒಡೆದು ಆಟ ಮುಂದುವರಿಸುತ್ತಾರೆ. ಮಣೆಯ ಮೇಲೆ ರಾಜರು ಮತ್ತು ಕಾಲಾಳುಗಳು ಬಿಟ್ಟರೆ ಬೇರೇನೂ ಉಳಿದಿಲ್ಲ. ಅಂದರೆ ನಿಮ್ಮ ಪಾಠ. ಆ ನಡೆಯಾದ ಮೇಲೆ ನಮ್ಮಿಬ್ಬರ ರಾಜರೂ ಎದುರುಬದುರು ನಿಲ್ಲುತ್ತಾರೆ, ಆದರೆ ಸರದಿ ನನ್ನದು. ಯಾರ ಸರದಿಯೋ ಅವರು ದಾರಿ ಬಿಡಬೇಕು. ಹಾಗಾಗಿ ನಾನು ಒಂದು ಹೆಜ್ಜೆ ಹಿಂದೆ ಸರಿದು, ಸುತ್ತಿ ಬಂದು, ಅದೇ ಮನೆಯಲ್ಲಿ ನಿಂತು, ಸರದಿಯನ್ನು ಅವಳ ತಲೆಗೆ ಕಟ್ಟಬೇಕು ಅಂತಿದ್ದೇನೆ. ಅಷ್ಟರಲ್ಲಿ ಅವಳ ಅಂಚಿನ ಕಾಲಾಳು ಓಟ ಕಿತ್ತರೆ? ನೀವು ಕ್ಲಬ್ಬಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಎಳೆದು ನಮ್ಮನ್ನು ಓಡಿಸುತ್ತಿದ್ದಿರಲ್ಲ, ಹಾಗೆ ಚೌಕ ಕಟ್ಟಿ ಎಣಿಸಿದೆ. ಓಡುವ ಕಾಲಾಳಿನ ಚೌಕದೊಳಗೆ ರಾಜ ಕಾಲಿಟ್ಟರೆ ಹಿಡಿಯುತ್ತಾನೆ, ಹೊರಗುಳಿದರೆ ಅದು ಕೊನೆಯ ಸಾಲು ಮುಟ್ಟಿ ರಾಣಿಯಾಗುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ರಾಜ ಬಾಗಿಲು ಮುಚ್ಚುವಷ್ಟರಲ್ಲಿ ಒಳಗೆ ಸೇರಿಕೊಳ್ಳುತ್ತಾನೆ.

ಗೆದ್ದರೆ ನಾನೇ ಮೊದಲು, ವಿಶ್ವ ಮಟ್ಟದ ಪಂದ್ಯಕ್ಕೆ ಇರುವ ಒಂದೇ ಒಂದು ಸ್ಥಾನ ನನ್ನದು. ಡ್ರಾ ಆದರೆ ಅದು ದಾರೇಜಾನ್ ಪಾಲು, ನನಗೆ ಮುಂದಿನ ವರ್ಷದ ಪಂದ್ಯಕ್ಕೆ ಜಾಗ ಉಳಿಯುತ್ತದೆ. ಸೋತರೆ ಅದೂ ಇಲ್ಲ, ಮತ್ತೆ ಜಿಲ್ಲೆಯಿಂದ ಶುರು. ಇಲ್ಲಿ ಎಲ್ಲರ ಮಾಸ್ತರೂ ಹೋಟೆಲಿನಲ್ಲೇ ಇದ್ದಾರೆ. ದಾರೇಜಾನ್‌ಳ ಗಿವಿ ಅವಳ ಕಪ್ಪಿಗೆ ಸಕ್ಕರೆ ಕೂಡ ತಾನೇ ಹಾಕಿಕೊಡುತ್ತಾನೆ. ನನ್ನ ಮಾಸ್ತರು ಮಾತ್ರ ಮೊಣಕಾಲು ಹಿಡಿದುಕೊಂಡು ತಂತಿಯ ಇನ್ನೊಂದು ತುದಿಯಲ್ಲಿ ಕೂತಿದ್ದಾರೆ. ಪರವಾಗಿಲ್ಲ. ನೀವು ಹೇಳಿದ್ದನ್ನೇ ಆಡುತ್ತೇನೆ.

ಪತ್ರಿಕೆಯವನೊಬ್ಬ ಬಂದು "ನಿಮಗೆ ಕಲಿಸಿದ್ದು ಯಾರು?" ಅಂದ. ನಿಮ್ಮ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬರೆಸಿದ್ದೇನೆ. ತಪ್ಪು ಬರೆದರೆ ಮತ್ತೆ ಹೋಗಿ ಜಗಳವಾಡುತ್ತೇನೆ.

ನಿಮ್ಮ
ಲಾಮಾರಾ

*

ತಂತಿ
ಜುಗ್ದಿದಿ, 11 ಮಾರ್ಚ್ 1974

ಹಿಂದೆ ಸರಿಯಬೇಡ. ಅಂಚಿನ ಕಾಲಾಳು ಓಡುತ್ತದೆ. ನಿನ್ನ ರಾಜ ಒಂದು ಹೆಜ್ಜೆ ತಡ. ಸೋಲುತ್ತೀ. ಡ್ರಾ ಕೇಳು. ಎರಾಸ್ತಿ.

*

ತ್ಬಿಲಿಸಿ
15 ಮಾರ್ಚ್ 1974

ಪ್ರೀತಿಯ ಮಾಸ್ತರೆ,

ನಿಮ್ಮ ಮಾತಿನಂತೆ ಡ್ರಾ ಕೇಳಿದೆ. ತಂತಿ ಕೈಗೆ ಬಂದಾಗ ಸಭಾಂಗಣದ ಗಂಟೆ ಹೊಡೆಯುತ್ತಿತ್ತು. ಮೆಟ್ಟಿಲ ಮೇಲೇ ನಿಂತು ಓದಿದೆ. ಮತ್ತೆ ಎಣಿಸಲು ಹೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಹೊತ್ತಿದ್ದರೂ ಎಣಿಸುತ್ತಿರಲಿಲ್ಲ. ನೀವು ಒಂದು ಹೆಜ್ಜೆ ತಡ ಎಂದ ಮೇಲೆ ತಡವೇ. ನನಗೆ ಕಾಣದ್ದು ಏನೋ ನಿಮಗೆ ಕಂಡಿದೆ ಎಂದುಕೊಂಡೆ.

ದಾರೇಜಾನ್ ಪ್ರಯಾಣದ ಕೋಟು ಹಾಕಿಕೊಂಡೇ ಬಂದಿದ್ದಳು, ಸೂಟ್‌ಕೇಸು ಕುರ್ಚಿಯ ಪಕ್ಕದಲ್ಲಿತ್ತು. ಸೋತ ತಕ್ಷಣ ಯಾರಿಗೂ ಮುಖ ತೋರಿಸದೆ ವಿಮಾನ ಹತ್ತುವ ಯೋಚನೆ ಇತ್ತೋ ಏನೋ, ಪಾಪ. ತನ್ನ ಅಂಚಿನ ಕಾಲಾಳು ಓಡಿ ಗೆಲ್ಲುತ್ತದೆ ಅನ್ನುವುದು ಅವಳಿಗೂ ಹೊಳೆದಿರಲಿಲ್ಲ ಅಂತ ಕಾಣುತ್ತದೆ. ನಾನು ಕೈ ಚಾಚಿದ್ದೇ ತಡ, ಥಟ್ಟನೆ ಹಿಡಿದು ಕುಲುಕಿದಳು. ಗಿವಿ ಬಂದು ನನ್ನ ಭುಜ ತಟ್ಟಿ, "ಜಾಣೆ ಕಣಮ್ಮ ನೀನು, ಎರಾಸ್ತಿ ಹುಡುಗಿ ಅಂದ್ರೆ ಸುಮ್ನೆ ಅಲ್ಲ" ಎಂದ.

ಆಮೇಲೆ ಕೈತೊಳೆಯುವ ಜಾಗದಲ್ಲಿ ನಿಂತು ಚೆನ್ನಾಗಿ ಅತ್ತೆ, ಮುಚ್ಚಿಡುವುದಿಲ್ಲ. ಅಷ್ಟು ಹತ್ತಿರ ಬಂದಿತ್ತಲ್ಲ. ಆದರೆ ನೀವಿಲ್ಲದಿದ್ದರೆ ಹುಂಬತನದಲ್ಲಿ ಹಿಂದೆ ಸರಿದು, ಎಲ್ಲವನ್ನೂ ಕಳಕೊಂಡು, ಜಿಲ್ಲಾ ಪಂದ್ಯದಲ್ಲಿ ಶಾಲೆಯ ಮಕ್ಕಳ ಜೊತೆ ಕೂರುತ್ತಿದ್ದೆ. ಮುಂದಿನ ವರ್ಷ ಉಳಿಯಿತು. ಅದು ನಿಮ್ಮಿಂದ.

ನಮ್ಮ ಅಂಚೆ ಆಟ ಮರೆತಿಲ್ಲ ತಾನೆ? ನಾನು ಓದಲು ಇಲ್ಲಿಗೆ ಬಂದಾಗಿನಿಂದ ಕಾಗದಕ್ಕೊಂದು ನಡೆ ಅಂತ ಆಡುತ್ತಾ, ಇದೂ ಈಗ ರಾಜ ಮತ್ತು ಕಾಲಾಳಿಗೆ ಬಂದು ನಿಂತಿದೆ. ನನ್ನ ನಡೆ: ರಾಜ ನಡುವಿನ ಮನೆಗೆ.

ನಿಮ್ಮ ಮನೆಯೊಡತಿ ಮಾಕ್ವಾಲಾ ಅಮ್ಮನಿಗೆ ಮುತ್ತು.

ನಿಮ್ಮ
ಲಾಮಾರಾ

*

ಜುಗ್ದಿದಿ
24 ಮಾರ್ಚ್ 1974

ನನ್ನ ಪುಟ್ಟ ಮಾಸ್ತರೆ,

ಆಶೀರ್ವಾದಗಳು. ನಿನ್ನ ಕಾಗದ ಓದಿ ಮಾಕ್ವಾಲಾ ಕಣ್ಣೊರೆಸಿಕೊಂಡಳು. ಹೇಳಿದ ಮಾತು ಕೇಳುವ ಮಕ್ಕಳು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ? ಸ್ಥಾನ ಕೈತಪ್ಪಿದವರ ಮುಖದಲ್ಲಿ ನಿನ್ನಂಥ ಗಾಂಭೀರ್ಯ ನೋಡಿಲ್ಲ ಎಂದು ಗಿವಿ ಕೂಡ ಹೇಳಿದನಂತೆ. ಆಗಿದ್ದು ಆಯಿತು. ಆ ಆಟವನ್ನು ಮತ್ತೆ ಮತ್ತೆ ಕೆದಕುತ್ತಾ ಕೂರಬೇಡ, ಹುಣ್ಣು ಕೆರೆದರೆ ಒಣಗುವುದಿಲ್ಲ. ಓದಿನ ಕಡೆ ಗಮನ ಕೊಡು.

ಇಲ್ಲಿ ಹಿತ್ತಲಿನ ಹುಲ್ಲು ಸೊಂಟದ ತನಕ ಬಂದಿದೆ. ಚಹಾ ಕಾರ್ಖಾನೆಯವರು ಕ್ಲಬ್ಬಿಗೆ ಹೊಸ ಒಲೆ ಕೊಟ್ಟಿದ್ದಾರೆ, ಹೊಗೆಯೆಲ್ಲ ಒಳಗೇ ಬರುತ್ತದೆ. ನನ್ನ ಮೊಣಕಾಲು ಹವಾಮಾನ ಇಲಾಖೆಗಿಂತ ಮೊದಲೇ ಮಳೆ ಹೇಳುತ್ತಿದೆ. ವಾಲ್‌ನಟ್ ಪೋಣಿಸಿ ದ್ರಾಕ್ಷಿಯ ಪಾಕದಲ್ಲಿ ಅದ್ದಿ ಒಣಗಿಸಿದ್ದನ್ನು ಮಾಕ್ವಾಲಾ ಗಂಟು ಕಟ್ಟಿ ಕಳಿಸಿದ್ದಾಳೆ, ಹಾಸ್ಟೆಲಿನ ಹುಡುಗಿಯರಿಗೆಲ್ಲ ಹಂಚಿಬಿಡಬೇಡ.

ನನ್ನ ನಡೆ: ನನ್ನ ರಾಜ ನಿನ್ನ ರಾಜನ ಎದುರಿಗೆ.

ಎರಾಸ್ತಿ

*

ತ್ಬಿಲಿಸಿ
6 ಏಪ್ರಿಲ್ 1974

ಪ್ರೀತಿಯ ಮಾಸ್ತರೆ,

ಕೆದಕಬೇಡ ಎಂದಿರಿ, ನಾನು ಕೆದಕಿದೆ. ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಅಜ್ಜಿ ಮದುವೆಯಾಗಿ ಬಂದಾಗ ತವರಿನವರು ಬಟ್ಟೆಬರೆಯ ಜೊತೆ ಕೊಟ್ಟ ಮಣೆ ನನ್ನ ಬಳಿ ಇದೆಯಲ್ಲ, ಕಪ್ಪು ಮನೆಗಳೆಲ್ಲ ಸವೆದು ಕಂದಾಗಿರುವುದು. ಭಾನುವಾರ ಅದರ ಮೇಲೆ ರೀಗಾದ ಸ್ಥಾನ ಜೋಡಿಸಿದೆ. ನಿಮಗೆ ಕಂಡದ್ದು ಏನು ಅಂತ ಕಲಿಯುವ ಆಸೆ, ಅಷ್ಟೆ. ರಾಜನನ್ನು ಹಿಂದೆ ಸರಿಸಿದೆ. ಅವಳ ಅಂಚಿನ ಕಾಲಾಳನ್ನು ಓಡಿಸಿದೆ. ಚೌಕ ಕಟ್ಟಿದೆ. ನನ್ನ ರಾಜ ಒಳಗೇ ಇದ್ದಾನೆ, ಮಾಸ್ತರೆ. ಎಲ್ಲಾ ದಾರಿಯಲ್ಲೂ ಓಡಿಸಿ ನೋಡಿದೆ, ಮಧ್ಯದಲ್ಲಿ ನನ್ನ ರಾಜನಿಗೆ ಒಂದು ಶಹ ಬಿದ್ದರೆ ಅಂತಲೂ ನೋಡಿದೆ. ಬೀಳುವುದಿಲ್ಲ. ಕಾಲಾಳು ಸಿಕ್ಕಿಬೀಳುತ್ತದೆ, ನನ್ನ ರಾಜ ಹೊತ್ತಿಗೆ ಸರಿಯಾಗಿ ಹಿಂದಿರುಗುತ್ತಾನೆ, ಸರದಿ ಅವಳದಾಗುತ್ತದೆ, ಅವಳು ದಾರಿ ಬಿಡುತ್ತಾಳೆ. ಗೆಲುವು. ನಿಮ್ಮ ಕ್ಲಬ್ಬಿನ ಸಣ್ಣ ತರಗತಿಯ ಮಕ್ಕಳಿಗೆ ಕೊಡುವಂಥ ಗೆಲುವು.

ನನಗೆ ಸಿಟ್ಟಿಲ್ಲ. ಭಯ ಇದೆ. ಚೌಕ ಎಣಿಸುವುದರಲ್ಲಿ ನೀವು ತಪ್ಪುವುದೆಂದರೆ, ನಮ್ಮಮ್ಮ ಗಂಜಿ ಕದಡುವುದನ್ನು ಮರೆತ ಹಾಗೆ. ನಮ್ಮ ದೊಡ್ಡಪ್ಪನಿಗೂ ಹೀಗೇ ಶುರುವಾಯಿತು. ಮೊದಲು ಇಸ್ಪೀಟಿನ ಲೆಕ್ಕ ತಪ್ಪಿತು, ಆಮೇಲೆ ಮನೆಯ ದಾರಿ. ನಿಮಗೆ ಹುಷಾರಿದೆಯಾ? ತಲೆ ಸುತ್ತುತ್ತದೆಯಾ, ಹೆಸರುಗಳು ಮರೆಯುತ್ತವೆಯಾ? ಮಾಕ್ವಾಲಾ ಅಮ್ಮನಿಗೆ ಗೊತ್ತಾ? ನನ್ನ ಹತ್ತಿರ ಮುಚ್ಚಿಡಬೇಡಿ. ಸ್ಥಾನ ಹೋದರೆ ಹೋಗಲಿ, ಹಾಳಾಗಲಿ.

ನನ್ನ ನಡೆ: ಎಡಗಡೆಯ ಕಾಲಾಳು ಒಂದು ಮನೆ ಮುಂದೆ.

ನಿಮ್ಮ
ಲಾಮಾರಾ

*

ಜುಗ್ದಿದಿ
27 ಏಪ್ರಿಲ್ 1974

ನನ್ನ ಪುಟ್ಟ ಮಾಸ್ತರೆ,

ಇಷ್ಟು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸು. ಏನು ಬರೆಯಲಿ ಎಂದೇ ತಿಳಿಯಲಿಲ್ಲ.

ನೀನು ಊಹಿಸಿದ್ದು ನಿಜ. ಕೆಲವು ತಿಂಗಳಿಂದ ಮಣೆ ನೋಡಿದರೆ ಮನೆಗಳು ಒಂದರೊಳಗೊಂದು ಬೆರೆತಂತೆ ಕಾಣುತ್ತವೆ. ಎಣಿಸುತ್ತಾ ಹೋಗಿ ನಡುವೆ ಎಲ್ಲೋ ಜಾರುತ್ತೇನೆ. ವಯಸ್ಸಾಯಿತು, ಮಗಳೇ. ಮಾಕ್ವಾಲಾಗೆ ಹೇಳಿಲ್ಲ, ನೀನೂ ಹೇಳಬೇಡ. ಅವಳು ಸುಮ್ಮನೆ ಗಾಬರಿಯಾಗಿ ಊರೆಲ್ಲ ಸಾರುತ್ತಾಳೆ. ನಿನ್ನ ಸ್ಥಾನ ನನ್ನಿಂದ ಹೋಯಿತಲ್ಲ ಎಂದು ನೆನೆದಾಗ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ನನ್ನ ನಡೆ: ರಾಜ ಪಕ್ಕಕ್ಕೆ.

ಎರಾಸ್ತಿ

*

ತ್ಬಿಲಿಸಿ
10 ಮೇ 1974

ನನ್ನ ಪ್ರೀತಿಯ ಮಾಸ್ತರೆ,

ನಿಮ್ಮ ನಡೆಯನ್ನು ಮಣೆಯ ಮೇಲೆ ಇಟ್ಟು ನೋಡಿದೆ. ರಾಜನನ್ನು ಸುಮ್ಮನೆ ಪಕ್ಕಕ್ಕೆ ಸರಿಸಿ ನಡುವಿನ ಕಾಲಾಳನ್ನು ಬಿಟ್ಟುಕೊಟ್ಟಿದ್ದೀರಿ. ಅದನ್ನು ತೆಗೆದುಕೊಳ್ಳಬೇಕಾದವಳು ನಾನು. ಕೈ ಬರಲಿಲ್ಲ. ನೀವೇ ಹೇಳುತ್ತಿದ್ದಿರಿ, ಕರುಣೆಯಿಂದ ಆಡುವುದು ಎದುರಾಳಿಗೆ ಮಾಡುವ ಅವಮಾನ ಅಂತ. ಹಾಗಾಗಿ ಅತ್ತು ತೆಗೆದುಕೊಂಡೆ.

ಇಲ್ಲಿ ಒಬ್ಬ ಒಳ್ಳೆಯ ವೈದ್ಯರಿದ್ದಾರೆ, ನನ್ನ ಜೊತೆ ಓದುವ ಹುಡುಗಿಯ ಸೋದರಮಾವ. ಕಣ್ಣು ತೋರಿಸುವ ನೆಪ ಹೇಳಿ ಬನ್ನಿ, ಮಾಕ್ವಾಲಾ ಅಮ್ಮನಿಗೆ ಅನುಮಾನ ಬರುವುದಿಲ್ಲ. ಇನ್ನೊಂದು ಕೆಲಸ ಮಾಡಿದ್ದೇನೆ, ಕೋಪಿಸಿಕೊಳ್ಳಬೇಡಿ. ಕ್ಲಬ್ಬಿನ ಅಧ್ಯಕ್ಷರಿಗೆ ಬರೆದು, ಮಾಸ್ತರಿಗೆ ಆಯಾಸವಾಗುತ್ತಿದೆ, ಸಣ್ಣ ಮಕ್ಕಳ ತರಗತಿ ಸ್ವಲ್ಪ ಹಗುರ ಮಾಡಿ ಎಂದು ಕೇಳಿಕೊಂಡಿದ್ದೇನೆ. ಕಾರಣ ಹೇಳಿಲ್ಲ.

ರೀಗಾದ ತಪ್ಪು ನನ್ನದೇ ಅಂತ ಇಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ತಂತಿಯ ವಿಷಯ ಯಾರಿಗೂ ಬಿಟ್ಟುಕೊಟ್ಟಿಲ್ಲ. ಇಲ್ಲಿನ ಚದುರಂಗ ಮನೆಗೆ ಕಾಲಿಟ್ಟರೆ ಸಾಕು, "ಬಂದ್ಲು ನೋಡಪ್ಪ, ಚೌಕ ಎಣಿಸೋಕೆ ಬೆರಳು ಸಾಲದವಳು" ಅಂತಾರೆ. ಒಬ್ಬ ಮಹಾಶಯ ನನ್ನ ಕೈಗೆ ಮಕ್ಕಳ ಅಳತೆಪಟ್ಟಿ ಕೊಟ್ಟ. ನಕ್ಕು ಇಸಕೊಂಡೆ. ನನ್ನ ಹೆಸರು ತಾನೇ ಹೋಗುವುದು, ನಿಮ್ಮದು ಉಳಿಯಲಿ.

ನನ್ನ ನಡೆ: ನಿಮ್ಮ ಕಾಲಾಳು ತೆಗೆದೆ.

ನಿಮ್ಮ
ಲಾಮಾರಾ

*

ಜುಗ್ದಿದಿ
2 ಜೂನ್ 1974

ಲಾಮಾರಾ,

ಯಾರು ಹೇಳಿದರು ನಿನಗೆ ಅಧ್ಯಕ್ಷರಿಗೆ ಬರೆಯಲು? ಶುಕ್ರವಾರ ತರಗತಿಗೆ ಹೋದರೆ ನನ್ನ ಕುರ್ಚಿಯಲ್ಲಿ ಕಾರ್ಖಾನೆಯ ಗುಮಾಸ್ತ ಕೂತಿದ್ದಾನೆ. ಕುದುರೆ ಯಾವ ಕಡೆ ಜಿಗಿಯುತ್ತದೆ ಅಂತ ಅವನಿಗೇ ಸಂಶಯ. ಅಧ್ಯಕ್ಷ ಕೈ ಉಜ್ಜುತ್ತಾ ಬಂದು, "ಮಾಸ್ತರೆ, ತಾವು ಇನ್ನು ವಿಶ್ರಾಂತಿ ತಗೊಳ್ಳಿ, ತಲೆಗೆ ಜಾಸ್ತಿ ಕೆಲಸ ಕೊಡ್ಬಾರ್ದಂತೆ" ಅಂದ. ನನ್ನ ತಲೆ! ಈ ಜಿಲ್ಲೆಯಲ್ಲಿ ನನ್ನ ತಲೆಗೆ ಸರಿಸಾಟಿ ಒಂದು ತಲೆ ತೋರಿಸಲಿ ನೋಡೋಣ. ಮಕ್ಕಳೆದುರು ಮರ್ಯಾದೆ ಹೋಯಿತು. ನಿನ್ನ ಕರುಣೆ ನನಗೆ ಬೇಕಾಗಿರಲಿಲ್ಲ.

ಇರಲಿ. ನೀನು ಒಳ್ಳೆಯದಕ್ಕೇ ಮಾಡಿದೆ ಎಂದು ಮಾಕ್ವಾಲಾ ನಿನ್ನ ಪರ ವಾದಿಸುತ್ತಿದ್ದಾಳೆ. ಒಂದು ಸಂತೋಷದ ಸುದ್ದಿ ಇದೆ. ಹಿರಿಯ ತರಬೇತುದಾರರಿಗೆ ಕೊಡುವ ಪದಕ ಈ ವರ್ಷ ನನಗೆ. ಎಷ್ಟು ವರ್ಷದಿಂದ ನನ್ನ ಹೆಸರು ಹೋಗುತ್ತಿತ್ತು, ಬೀಳುತ್ತಿತ್ತು, ನಿನಗೆ ಗೊತ್ತಲ್ಲ. ತಿಂಗಳ ಕೊನೆಯ ಶನಿವಾರ ನಮ್ಮ ಅಂಗಳದಲ್ಲಿ ಊಟ. ನೀನು ಬಂದು ನನ್ನ ಪಕ್ಕದಲ್ಲಿ ಕೂರಬೇಕು.

ನನ್ನ ನಡೆ: ನನ್ನ ರಾಜ ಓರೆಯಾಗಿ ಒಂದು ಹೆಜ್ಜೆ ಹಿಂದಕ್ಕೆ. ಒಂದು ಕಾಲಾಳು ಹೆಚ್ಚಿದೆಯೆಂದು ಬೀಗಬೇಡ, ಮಗಳೇ. ಇನ್ನು ನೀನು ತಲೆಕೆಳಗಾಗಿ ನಿಂತರೂ ಗೆಲ್ಲಲಾರೆ.

ಎರಾಸ್ತಿ

*

ತ್ಬಿಲಿಸಿ
12 ಜೂನ್ 1974

ಮಾಸ್ತರೆ,

ನಿಮ್ಮ ನಡೆಯನ್ನು ಮೂರು ದಿನ ನೋಡಿದೆ. ಮೊದಲ ದಿನ ಇದೂ ಪಾಪ ಮರೆವಿನ ನಡೆ ಎಂದುಕೊಂಡೆ. ಎದುರಾಳಿಯ ಹತ್ತಿರ ಹೋಗಬೇಕಾದ ರಾಜ ದೂರ ಸರಿಯುತ್ತಿದ್ದಾನಲ್ಲ ಅಂತ. ಎರಡನೆಯ ದಿನ ತಿಳಿಯಿತು, ನನ್ನ ರಾಜ ಎಲ್ಲಿಂದ ಬಂದರೂ ನಿಮ್ಮವನು ಅಲ್ಲಿಂದಲೇ ಎದುರು ನಿಲ್ಲುತ್ತಾನೆ, ಪ್ರತಿ ಸಲವೂ ಸರದಿ ನನ್ನದೇ ಆಗುತ್ತದೆ. ಆಟವನ್ನು ಉಳಿಸುವ ನಡೆ ಅದೊಂದೇ. ಮೂರನೆಯ ದಿನ ನನ್ನ ಅಂಚಿನ ಕಾಲಾಳನ್ನು ಓಡಿಸಿ ನೋಡಿದೆ. ನಿಮ್ಮ ರಾಜ ಚೌಕದೊಳಗೆ ಕೊನೇ ಗಳಿಗೆಯಲ್ಲಿ ಕಾಲಿಟ್ಟು ಹಿಡಿಯುತ್ತಾನೆ. ಇದನ್ನು ಎಣಿಸದೆ ಆ ನಡೆ ಆಡಲು ಸಾಧ್ಯವಿಲ್ಲ. ರೀಗಾದಲ್ಲಿ ನಿಮ್ಮಿಂದ ಎಣಿಸಲಾಗಲಿಲ್ಲ ಎಂದಿರಲ್ಲ, ಅದೇ ಲೆಕ್ಕ.

ನಿಮ್ಮ ತಲೆಯ ಬಗ್ಗೆ ಯಾರೋ ಮಾತಾಡಿದರು ಅಂತ ನಿಮಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ನಿಮಗೆ ಕಾಯಿಲೆ ಇದೆ ಅನ್ನುವುದು ಮರೆತುಹೋಯಿತು. ಕೆಟ್ಟ ನಡೆ ಬರೆದುಬಿಟ್ಟಿದ್ದರೆ ನಾನು ಸಾಯುವ ತನಕ ನಿಮ್ಮ ಸೇವೆ ಮಾಡುತ್ತಿದ್ದೆ.

ಆಗ ದಾರೇಜಾನ್‌ಳ ಕೋಟು ನೆನಪಿಗೆ ಬಂತು, ಆ ಸೂಟ್‌ಕೇಸು. ನಿನ್ನೆ ಚದುರಂಗ ಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ.

"ರೀಗಾದಲ್ಲಿ ಆಟ ಬಾಕಿ ಇರುವಾಗ್ಲೇ ಪ್ರಯಾಣಕ್ಕೆ ಸಿದ್ಧವಾಗಿ ಬಂದಿದ್ಯಲ್ಲ, ಯಾಕೆ?" ಎಂದೆ.

ಅವಳು ನನ್ನ ಮುಖ ನೋಡಿ, "ಯಾಕೆ ಅಂದ್ರೆ? ಡ್ರಾ ಅಂತ ಭಾನುವಾರ ಸಂಜೆನೇ ಗಿವಿ ಹೇಳಿದ್ರಲ್ಲ. ನಿಮ್ಮ ಮಾಸ್ತರು ಒಪ್ಪಿದ್ರಂತೆ" ಎಂದಳು. "ನಿಂಗೂ ಗೊತ್ತಿತ್ತು ತಾನೆ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಅಯ್ಯೋ, ನಿಂಗೆ ಗೊತ್ತಿರ್ಲಿಲ್ವಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ನೋಡು, ನಾನಂತೂ ಯಾರಿಗೂ ಹೇಳಿಲ್ಲ. ಆದ್ರೆ ಇಲ್ಲಿ ಎಲ್ಲರೂ ನೀನು ಆಟ ಮಾರಿಕೊಂಡೆ ಅಂತಾನೇ ಅಂದ್ಕೊಂಡಿರೋದು. ಯಾರು ನಂಬ್ತಾರೆ, ನೀನು ಚೌಕ ಎಣಿಸೋದ್ರಲ್ಲಿ ತಪ್ಪಿದೆ ಅಂದ್ರೆ?" ಎಂದಳು.

ಕೇಳಿದಿರಾ? ನಿಮ್ಮ ಹೆಸರು ಉಳಿಸಲು ನಾನು ಹೇಳಿದ ಸುಳ್ಳನ್ನು ಯಾರೂ ನಂಬಿರಲಿಲ್ಲ. ಬೆನ್ನ ಹಿಂದೆ ನನ್ನನ್ನು ಮಾರಿಕೊಂಡವಳು ಅನ್ನುತ್ತಾರೆ. ಈ ಹೆಸರು ಹೊತ್ತುಕೊಂಡು ಮುಂದಿನ ವರ್ಷ ಯಾವ ಮುಖದಲ್ಲಿ ಮಣೆಯ ಮುಂದೆ ಕೂರಲಿ? ಹನ್ನೊಂದು ವರ್ಷದವಳಿದ್ದಾಗ ನಿಮ್ಮ ಚೌಕದಲ್ಲಿ ಓಡಿ ಬಿದ್ದು ಮಂಡಿ ತರಚಿಕೊಂಡಿದ್ದೆ. ಆಗ ನೀವು ಊದಿ ಊದಿ ಮಣ್ಣು ತೆಗೆದಿರಿ. ಅದೇ ಬಾಯಲ್ಲಿ ನನಗೆ "ಸೋಲುತ್ತೀ" ಎಂದಿರಿ.

ಊಟಕ್ಕೆ ಬರುತ್ತೇನೆ. ಒಂದೇ ಬೇಡಿಕೆ. ಅಲ್ಲಿ ಗಿವಿ ಇರುತ್ತಾನೆ, ಪದಕದ ಸಮಿತಿಯವರಿರುತ್ತಾರೆ, ಊರಿರುತ್ತದೆ. ಎದ್ದು ನಿಂತು, ತಂತಿ ಕಳಿಸಿದವನು ನಾನು, ಹುಡುಗಿಗೆ ಏನೂ ಗೊತ್ತಿರಲಿಲ್ಲ ಎಂದು ಹೇಳಿ. ಯಾಕೆ ಕಳಿಸಿದಿರಿ ಅಂತ ಹೇಳುವುದೂ ಬೇಡ. ಅಷ್ಟು ಸಾಕು.

ಅಂಚೆ ಆಟದಲ್ಲಿ ನನ್ನ ನಡೆ ಇನ್ನೂ ಆಡಿಲ್ಲ. ಈಗ ಸರದಿ ನಿಮ್ಮದು.

ಲಾಮಾರಾ

*

ಜುಗ್ದಿದಿ
20 ಜೂನ್ 1974

ನನ್ನ ಪುಟ್ಟ ಮಾಸ್ತರೆ,

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಭಾನುವಾರ ಗಿವಿ ಫೋನ್ ಮಾಡಿದ. ಕಾರ್ಖಾನೆಯ ಕಾವಲುಗಾರ ಬಂದು ನನ್ನನ್ನು ಕರೆದುಕೊಂಡು ಹೋದ. "ಎರಾಸ್ತಿ ಅಣ್ಣ, ಪದಕದ ಪಟ್ಟೀಲಿ ನಿನ್ನ ಹೆಸರು ಮತ್ತೆ ಬಂದಿದೆ. ಈ ಸಲ ಬೀಳಬಾರ್ದು ಅಂದ್ರೆ ನಾಳೆ ನಿನ್ನ ಹುಡುಗಿ ಕೈ ಚಾಚಲಿ. ದಾರೇಜಾನ್ ತಂದೆ ಸಮಿತೀಲಿ ಯಾರು ಅಂತ ನಿಂಗೆ ಗೊತ್ತಲ್ಲ" ಎಂದ. ನಾನು ಛೀ ಎಂದು ಫೋನ್ ಇಟ್ಟೆ. ಇದು ಸತ್ಯ, ನಂಬು.

ಮನೆಗೆ ಬಂದು ನಿನ್ನ ಸ್ಥಾನ ಜೋಡಿಸಿದೆ. ಗೆಲುವು ಕಣ್ಣಿಗೆ ರಾಚುವಂತಿತ್ತು. ನಿಜ ಹೇಳುತ್ತೇನೆ, ಆ ಗೆಲುವು ನೋಡಿದ ಮೇಲೇ ನನ್ನ ಮನಸ್ಸು ಕೆಟ್ಟಿತು. ನೀನು ಗೆದ್ದರೆ ನಿನಗೆ ರಾಜಧಾನಿಯ ತರಬೇತುದಾರರನ್ನು ಕೊಡುತ್ತಾರೆ. ಹಾಗೇ ಆಗುವುದು ಯಾವಾಗಲೂ. ಬಹುಶಃ ಗಿವಿಯನ್ನೇ ಕೊಡುತ್ತಿದ್ದರು. ನಿನ್ನ ಫೋಟೋದ ಕೆಳಗೆ ಅವನ ಹೆಸರು ಬರುತ್ತಿತ್ತು. ಹಳ್ಳಿಯ ಮಾಸ್ತರ ಹೆಸರು ಯಾರಿಗೆ ಬೇಕು? ಎಷ್ಟು ಮಕ್ಕಳನ್ನು ಬೆಳೆಸಿ ಕಳಿಸಿದೆ, ಒಬ್ಬರ ಕೆಳಗೂ ನನ್ನ ಹೆಸರಿಲ್ಲ. ವಾಪಸು ಹೋಗಿ ಅವನಿಗೆ ಫೋನ್ ಮಾಡಿ ಆಗಲಿ ಎಂದೆ.

ನಿನಗೆ ಇಪ್ಪತ್ತು. ಮುಂದಿನ ವರ್ಷ ಇದೆ, ಅದರ ಮುಂದಿನದೂ ಇದೆ. ನನಗೆ ಇದೊಂದೇ ಇತ್ತು. ಮಾಕ್ವಾಲಾಗೆ ಏನೂ ಗೊತ್ತಿಲ್ಲ. ಪದಕ ಇಡಲು ಗೋಡೆಯ ಮೇಲಿನ ಗಡಿಯಾರ ಇಳಿಸಿ ಜಾಗ ಮಾಡಿದ್ದಾಳೆ. ಅವಳ ಮುಂದೆ, ಊರ ಮುಂದೆ ನನ್ನ ಕೈಲಿ ಅದು ಹೇಳಿಸಬೇಡ. ಕಾಲಿಗೆ ಬೀಳುತ್ತೇನೆ. ನಾಲ್ಕು ದಿನ ಮಾತಾಡುತ್ತಾರೆ, ಆಮೇಲೆ ಮರೆಯುತ್ತಾರೆ.

ನಮ್ಮ ಅಂಚೆ ಆಟ ಡ್ರಾ ಮಾಡಿಕೊಳ್ಳೋಣ.

ಎರಾಸ್ತಿ

*

ತ್ಬಿಲಿಸಿ
3 ಜುಲೈ 1974

ಎರಾಸ್ತಿ ಅವರಿಗೆ,

ಶನಿವಾರದ ಊಟದಲ್ಲಿ ನಿಮ್ಮ ಪಕ್ಕದಲ್ಲೇ ಕೂತೆ. ಮಾಕ್ವಾಲಾ ಅಮ್ಮ ನನ್ನ ತಟ್ಟೆಗೆ ಚೀಸಿನ ರೊಟ್ಟಿ ಹಾಕುತ್ತಲೇ ಇದ್ದರು. ಬಟ್ಟಲೆತ್ತಿ ಹಾರೈಸುವ ಸರದಿಯನ್ನು ನಡೆಸುವ ಹಿರಿತನ ಗಿವಿಯದು, ಅವನು ನಿಮ್ಮನ್ನು ಅಟ್ಟಕ್ಕೇರಿಸಿ ಮಾತಾಡಿದ. ಆಮೇಲೆ ಮಾತನ್ನು ನನಗೆ ದಾಟಿಸಿದ. "ಈಗ ಶಿಷ್ಯೆ ಹೇಳ್ಲಿ" ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಕೆಲವರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು.

ನೀವು ಬಟ್ಟಲನ್ನೇ ನೋಡುತ್ತಿದ್ದಿರಿ. ನಾನು ಬಯಸಿದ್ದರೆ ಎಲ್ಲಾ ಹೇಳಬಹುದಿತ್ತು. ಮಾಕ್ವಾಲಾ ಅಮ್ಮನ ಮುಖ ನೋಡಿ ಆಗಲಿಲ್ಲ. "ನನ್ನ ಮಾತನ್ನು ಮಾಸ್ತರಿಗೇ ದಾಟಿಸ್ತೀನಿ. ರೀಗಾದ ಆಟದ ಬಗ್ಗೆ ಅವರೇ ಎರಡು ಮಾತು ಹೇಳ್ಲಿ" ಎಂದು ಕೂತೆ. ನಮ್ಮ ಪಂಕ್ತಿಯಲ್ಲಿ ದಾಟಿಸಿದ ಮಾತನ್ನು ಯಾರೂ ಒಲ್ಲೆ ಎನ್ನುವಂತಿಲ್ಲ.

ನೀವು ಎದ್ದಿರಿ. ಬಟ್ಟಲು ಕೈಗೆತ್ತಿಕೊಂಡಿರಿ. ಹೇಳುತ್ತೀರಿ ಎಂದೇ ನಂಬಿದೆ. ಆ ಒಂದು ಕ್ಷಣ, ನೀವು ನಂಬಿದರೆ ನಂಬಿ, ನಿಮ್ಮನ್ನು ಪೂರ್ತಿ ಕ್ಷಮಿಸಿಬಿಟ್ಟಿದ್ದೆ.

"ರೀಗಾದಲ್ಲಿ ನಮ್ಮ ಹುಡುಗಿ ಲೆಕ್ಕ ತಪ್ಪಿದ್ಲು" ಎಂದಿರಿ. "ಚಿಕ್ಕ ವಯಸ್ಸು, ಭಯ ಆಯ್ತು, ಕೈ ಚಾಚಿಬಿಟ್ಲು. ನಾನು ಆವತ್ತೇ ಕ್ಷಮಿಸಿಬಿಟ್ಟೆ. ಮಾಸ್ತರು ಅಂದ್ರೆ ಕ್ಷಮಿಸಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಕ್ವಾಲಾ ಅಮ್ಮ ನನ್ನ ತಲೆ ನೇವರಿಸಿದರು. ನಿಮ್ಮ ಹೆಸರಿನಲ್ಲಿ ಬಟ್ಟಲೆತ್ತಿ ನಾನೂ ಕುಡಿದೆ, ಕುಡಿಯದಿದ್ದರೆ ಅವರು ಯಾಕೆ ಅಂತ ಕೇಳುತ್ತಿದ್ದರು.

ಮಾರ್ಚಿನ ಆ ಭಾನುವಾರ ಮಾರಿದ್ದು ಒಂದು ಆಟ. ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಈ ಶನಿವಾರ ನನ್ನನ್ನೇ ಮಾರಿದಿರಿ, ಅದೂ ನನ್ನ ತಲೆಯ ಮೇಲೆ ಕೈಯಿಟ್ಟು ಹರಸುವವರಂತೆ.

ಅಂಚೆ ಆಟದ ಡ್ರಾ ಒಪ್ಪುವುದಿಲ್ಲ. ನಡೆಯನ್ನೂ ಆಡುವುದಿಲ್ಲ. ಮಣೆ ಎತ್ತಿಟ್ಟಿದ್ದೇನೆ. ಇನ್ನು ಮುಂದೆ ನನ್ನನ್ನು ಮಾಸ್ತರೆ ಎಂದು ಕರೆಯಬೇಡಿ.

ಲಾಮಾರಾ

*

ಜುಗ್ದಿದಿ
19 ಅಕ್ಟೋಬರ್ 1974

ಲಾಮಾರಾ,

ಬೇಸಿಗೆಯಲ್ಲಿ ಬರೆದ ಎರಡು ಕಾಗದಕ್ಕೂ ಉತ್ತರವಿಲ್ಲ. ಮಾಕ್ವಾಲಾ ದಿನಾ ಅಂಚೆಯವನನ್ನು ಕೇಳುತ್ತಾಳೆ, ಹುಡುಗಿಗೆ ಏನಾಯಿತು ಎಂದು ನನ್ನನ್ನು ಕೇಳುತ್ತಾಳೆ. ಓದು ಜಾಸ್ತಿ ಎಂದಿದ್ದೇನೆ. ದ್ರಾಕ್ಷಿ ಕೊಯ್ಲು ಮುಗಿಯಿತು. ಸಣ್ಣ ಮಕ್ಕಳ ತರಗತಿ ಮರಳಿ ಕೊಟ್ಟಿದ್ದಾರೆ. ಮೊನ್ನೆ ನೆಲದ ಮೇಲೆ ಚೌಕ ಎಳೆಯಲು ಬಗ್ಗಿದವನು ಎಳೆಯದೆ ಎದ್ದೆ. ಬೇರೆ ಪಾಠ ಮಾಡಿದೆ.

ಒಂದು ಸಾಲು ಬರೆ. ಬೈದಾದರೂ ಬರೆ.

ಎರಾಸ್ತಿ

*

ತಂತಿ
ಜುಗ್ದಿದಿ, 17 ಮಾರ್ಚ್ 1975

ನಿಂತ ಆಟ ಪತ್ರಿಕೆಯಲ್ಲಿ ನೋಡಿದೆ. ರಾಜನನ್ನು ಹಿಂದಕ್ಕೆ ಸರಿಸು. ಗೆಲ್ಲುತ್ತೀ. ಈ ಸಲ ನಿಜ. ಎರಾಸ್ತಿ.

*

ವಿಲ್ನಿಯಸ್
19 ಮಾರ್ಚ್ 1975

ಎರಾಸ್ತಿ ಅವರಿಗೆ,

ನಿಮ್ಮ ತಂತಿ ಆಟ ಶುರುವಾಗುವ ಮುಂಚೆ ತಲುಪಿತು. ಓದಿದೆ.

ರಾಜನನ್ನು ಹಿಂದಕ್ಕೆ ಸರಿಸಬೇಕು ಎಂದು ಹಿಂದಿನ ದಿನವೇ ನನಗೆ ಗೊತ್ತಿತ್ತು. ಎಣಿಸಿ, ಖಚಿತ ಮಾಡಿಕೊಂಡು, ನೆಮ್ಮದಿಯಾಗಿ ಊಟ ಮಾಡಿದ್ದೆ. ನಿಮ್ಮ ತಂತಿ ನೋಡಿದ ಮೇಲೆ ಆ ನಡೆಗೆ ಕೈ ಏಳಲಿಲ್ಲ. ನೀವು ಹೇಳಿದ್ದೀರಿ ಅಂದರೆ ಎಲ್ಲೋ ಹಳ್ಳ ಇದೆ ಎಂದು ಮಣೆಯ ಮುಂದೆ ಕೂತು ಮೊದಲಿಂದ ಎಣಿಸಿದೆ. ಮತ್ತೆ ಎಣಿಸಿದೆ. ಗಡಿಯಾರ ಓಡುತ್ತಿತ್ತು. ಎದುರಿಗೆ ಕೂತವಳು ಎದ್ದು ಹೋಗಿ ಚಹಾ ಕುಡಿದು ಬಂದಳು. ತೀರ್ಪುಗಾರರು ಬಂದು ನನ್ನ ಪಕ್ಕ ನಿಂತರು. ಕೊಟ್ಟ ಹೊತ್ತು ಮುಗಿಯುವ ಅಂಚಿನಲ್ಲಿ, ಕಣ್ಣು ಮುಚ್ಚಿ ಹಿಂದೆ ಸರಿದೆ.

ಗೆದ್ದೆ. ಸ್ಥಾನ ಸಿಕ್ಕಿತು.

ಇನ್ನು ಮುಂದೆ ತಂತಿ ಕಳಿಸಬೇಡಿ. ನೀವು ಸುಳ್ಳು ಹೇಳಿದರೆ ನನಗೆ ನಷ್ಟವಿಲ್ಲ, ನಿಜ ಹೇಳಿದರೆ ಎಣಿಸುವ ಕೆಲಸ ಎರಡು ಪಟ್ಟಾಗುತ್ತದೆ.

ಆಟ ಮುಗಿದ ಮೇಲೆ ರೀಗಾಕ್ಕೆ ಬಂದಿದ್ದ ಪತ್ರಿಕೆಯವನೇ ಬಂದು, "ಕಲಿಸಿದ್ದು ಯಾರು ಅಂತ ಬರೆದುಕೊಳ್ಳಲಿ?" ಎಂದು ಕೇಳಿದ. ಮಣೆ ತಂದ ಅಜ್ಜಿಯ ಹೆಸರು ಹೇಳಿದೆ. ಶುಕ್ರವಾರ ಅಚ್ಚಾಗುತ್ತದಂತೆ. ಮಾಕ್ವಾಲಾ ಅಮ್ಮ ಕೇಳಿದರೆ ನೀವೇ ಓದಿ ಹೇಳಿ.

ಲಾಮಾರಾ